ನಮ್ಮ ಮಕ್ಕಳು ಬರೀ ಆಪರೇಟರುಗಳಾಗಿಯೇ ಉಳಿಯಬೇಕೆ?

(ಕನ್ನಡ ಯುವಜನರ ಶಿಬಿರವೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾಮಫಲಕದ ಬಗ್ಗೆ, ಗಡಿಯ ಬಗ್ಗೆ, ನದಿ ನೀರಿನ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಬೆಳಗಿನಿಂದ ಮಾತಾಡಿದ್ದಾರೆ. ನಾನು ಪಿಯುಸಿಯವರೆಗೆ ಓದಿ ಪ್ರೆಸ್ಸು ನಡೆಸುವವನು. ನನಗೆ ಕೊಟ್ಟಿರುವ ಸಮಯವನ್ನು ಒಂದೇ ಒಂದು ಪ್ರಶ್ನೆಗೆ ಮೀಸಲಿಡುತ್ತೇನೆ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ವಿದ್ಯೆ ಸಿಗುತ್ತಿದೆಯೇ? ಸಿಗದಿದ್ದರೆ ಅದಕ್ಕೆ ಕಾರಣವೇನು? ನಾವು ಮಾಡಬೇಕಾದ ಕೆಲಸವೇನು?

ಇದೇನು ಹೋರಾಟದ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. 2024ರ ಜುಲೈ ತಿಂಗಳನ್ನು ನೆನಪು ಮಾಡಿಕೊಳ್ಳಿ. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತದ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಮೀಸಲಿಡುವ ಮಸೂದೆಗೆ ನಮ್ಮ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 1986ರಲ್ಲಿ ಸರೋಜಿನಿ ಮಹಿಷಿಯವರು ವರದಿ ಕೊಟ್ಟಾಗಿನಿಂದ ನಾವು ಕೇಳುತ್ತಾ ಬಂದದ್ದು ಇದನ್ನೇ. ಆದರೆ ಆದದ್ದೇನು? ಐಟಿ ಕಂಪನಿಗಳವರು ಗುಲ್ಲೆಬ್ಬಿಸಿದರು. ಕೆಲವೇ ದಿನಗಳಲ್ಲಿ ಮಸೂದೆ ಮೂಲೆಗೆ ಸೇರಿತು. ಅವರು ಮುಂದಿಟ್ಟ ವಾದ ಯಾವುದು? "ನಮಗೆ ಬೇಕಾದ ಕೌಶಲ ಇರುವವರು ಬೇಕಾದಷ್ಟು ಸಂಖ್ಯೆಯಲ್ಲಿ ಇಲ್ಲಿ ಸಿಗುವುದಿಲ್ಲ" ಎಂಬುದು.

ಈ ಮಾತಿಗೆ ನಾವು ಸಿಟ್ಟಾದೆವು. ಸಿಟ್ಟಾಗಬೇಕಾದದ್ದೇ. ಕರ್ನಾಟಕದ ನೆಲ, ಕರ್ನಾಟಕದ ನೀರು, ಕರ್ನಾಟಕದ ವಿದ್ಯುತ್ತು ಬೇಕು. ಕನ್ನಡದ ಹುಡುಗ ಮಾತ್ರ ಬೇಡ ಎಂದರೆ ಯಾರು ಕೇಳಿಕೊಂಡು ಕೂರುತ್ತಾರೆ? ಆದರೆ ಸಿಟ್ಟಿನ ಜೊತೆಗೆ ಒಂದು ಲೆಕ್ಕವನ್ನೂ ಮಾಡಬೇಕು. ಕೌಶಲ ಎನ್ನುವುದು ಇಪ್ಪತ್ತೆರಡನೇ ವಯಸ್ಸಿಗೆ ಆಕಾಶದಿಂದ ಉದುರುವುದಿಲ್ಲ. ಅದರ ಬೇರು ಹದಿಮೂರು, ಹದಿನಾಲ್ಕನೇ ವಯಸ್ಸಿನಲ್ಲಿ, ಹೈಸ್ಕೂಲಿನಲ್ಲಿ ಇಳಿಯಬೇಕು. ಅಲ್ಲಿ ನಮ್ಮ ಮಕ್ಕಳಿಗೆ ಏನು ಸಿಗುತ್ತಿದೆ ನೋಡೋಣ ಬನ್ನಿ.

ಒಂದೇ ಬೀದಿ, ಮೂರು ಮಕ್ಕಳು

ಬೆಂಗಳೂರಿನ ಯಾವುದಾದರೂ ಒಂದು ಬೀದಿಯನ್ನು ತೆಗೆದುಕೊಳ್ಳಿ. ಆ ಬೀದಿಯಲ್ಲಿ ಹತ್ತನೇ ತರಗತಿಯ ಮೂವರು ಮಕ್ಕಳಿದ್ದಾರೆ. ಒಬ್ಬಳು ಐಸಿಎಸ್‌ಇ ಶಾಲೆಗೆ ಹೋಗುತ್ತಾಳೆ. ಅಲ್ಲಿ ಕಂಪ್ಯೂಟರ್ ಅಪ್ಲಿಕೇಷನ್ಸ್ ಎಂಬ ವಿಷಯ ತೆಗೆದುಕೊಂಡಿದ್ದಾಳೆ. ಹದಿನೈದನೇ ವಯಸ್ಸಿಗೆ ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಾಳೆ. ಇನ್ನೊಬ್ಬ ಸಿಬಿಎಸ್‌ಇ ಶಾಲೆಯವನು. ಅವನಿಗೆ ಮಾಹಿತಿ ತಂತ್ರಜ್ಞಾನ ಒಂದು ವಿಷಯವಾಗಿ ಸಿಗುತ್ತದೆ. ಅದು ಬೇಡವೆಂದರೆ ಕೃತಕ ಬುದ್ಧಿಮತ್ತೆ ತೆಗೆದುಕೊಳ್ಳಬಹುದು. 2019ರಲ್ಲೇ ಸಿಬಿಎಸ್‌ಇಯವರು ಒಂಬತ್ತನೇ ತರಗತಿಗೆ ಅದನ್ನು ತಂದಾಗಿದೆ.

ಮೂರನೆಯವಳು ನಮ್ಮ ಹುಡುಗಿ. ಸರ್ಕಾರಿ ಹೈಸ್ಕೂಲು, ಕನ್ನಡ ಮಾಧ್ಯಮ. ಅವಳ ಎಸ್ಸೆಸ್ಸೆಲ್ಸಿಯ ವಿಷಯಗಳನ್ನು ಎಣಿಸಿ: ಮೂರು ಭಾಷೆಗಳು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಮುಗಿಯಿತು. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ವೃತ್ತಿ ಶಿಕ್ಷಣದ ಹೆಸರಿನಲ್ಲಿ ಮಾಹಿತಿ ತಂತ್ರಜ್ಞಾನವನ್ನು ಆರಿಸಿಕೊಳ್ಳಲು ಅವಕಾಶ ಕೊಟ್ಟಿದ್ದಾರೆ, ನಿಜ. ಆದರೆ ಎಲ್ಲ ಮಕ್ಕಳ ಚೀಲಕ್ಕೂ ಬರುವ ಕಂಪ್ಯೂಟರ್ ಪುಸ್ತಕ ಇಲ್ಲ, ಎಲ್ಲರೂ ಬರೆಯುವ ಪರೀಕ್ಷೆ ಇಲ್ಲ, ಆ ಪಾಠಕ್ಕೆಂದೇ ನೇಮಕವಾದ ಮೇಷ್ಟ್ರು ಶಾಲೆ ಶಾಲೆಗೂ ಇಲ್ಲ.

ಈ ಹುಡುಗಿ ಮುಂದೆ ಪಿಯುಸಿ ಸೇರಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಳು ಎನ್ನಿ. ಮೊದಲ ದಿನವೇ ಎರಡು ಗೋಡೆಗಳಿಗೆ ಹಣೆ ಬಡಿಯುತ್ತದೆ. ಒಂದು, ಪಾಠ ಇಂಗ್ಲಿಷಿನಲ್ಲಿ. ಎರಡು, ಪಕ್ಕದಲ್ಲಿ ಕೂತವರಿಗೆ ಈ ವಿಷಯ ಎರಡು ಮೂರು ವರ್ಷಗಳಿಂದ ಗೊತ್ತು. ಇವಳಿಗೆ ಹೊಚ್ಚ ಹೊಸದು. ಪಿಯುಸಿ ಓದಿದವನಾಗಿ ಹೇಳುತ್ತೇನೆ, ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವರಿಗೆ ಒಂದು ಗೋಡೆ ದಾಟುವುದೇ ಕಷ್ಟ. ಎರಡು ಗೋಡೆ ಒಟ್ಟಿಗೆ ದಾಟು ಎಂದು ಆ ಮಗುವಿಗೆ ಹೇಳುವುದು ನ್ಯಾಯವೇ? ಅವಳು ಸೋತರೆ "ಕನ್ನಡ ಮಾಧ್ಯಮದವರಿಗೆ ಬುದ್ಧಿ ಸಾಲದು" ಎನ್ನುತ್ತಾರೆ. ಬುದ್ಧಿ ಸಾಲದ್ದು ಅವಳಿಗಲ್ಲ, ಪಠ್ಯಕ್ರಮ ಮಾಡಿದವರಿಗೆ.

ದುಡ್ಡು ಖರ್ಚಾಯಿತು, ವಿದ್ಯೆ ಉಳಿಯಲಿಲ್ಲ

ಸರ್ಕಾರಗಳು ಏನೂ ಮಾಡಲಿಲ್ಲವೇ? ಮಾಡಿದವು. 1984ರಲ್ಲೇ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆ ತಂದು, ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ದೇಶದ ಆಯ್ದ ಶಾಲೆಗಳಿಗೆ ಕೊಟ್ಟಿತು. 2001ರಲ್ಲಿ ನಮ್ಮ ರಾಜ್ಯ ಸರ್ಕಾರ ಮಾಹಿತಿ ಸಿಂಧು ಎಂಬ ಚೆಂದದ ಹೆಸರಿನ ಯೋಜನೆ ತಂದಿತು. ಸುಮಾರು 1000 ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಬಂತು. 2004ರ ಡಿಸೆಂಬರಿನಲ್ಲಿ ಕೇಂದ್ರದ ಐಸಿಟಿ ಅಟ್ ಸ್ಕೂಲ್ಸ್ ಯೋಜನೆ ಶುರುವಾಯಿತು. 2016ರ ಹೊತ್ತಿಗೆ ಟಾಲ್ಪ್ ಎಂಬ ಹೆಸರಿನಲ್ಲಿ, ಕಂಪ್ಯೂಟರ್ ಬಳಸಿ ಪಾಠ ಹೇಳುವುದು ಹೇಗೆಂದು ಮೇಷ್ಟ್ರುಗಳಿಗೆ ತರಬೇತಿ ಕೊಡುವ ಕೆಲಸ ಶುರುವಾಯಿತು. ಹೆಸರುಗಳಿಗೇನೂ ಬರವಿಲ್ಲ.

ಹಾಗಾದರೆ ಎಡವಿದ್ದೆಲ್ಲಿ? ಮಾಹಿತಿ ಸಿಂಧುವಿನಂಥ ಯೋಜನೆಗಳು ಗುತ್ತಿಗೆಯ ಮೇಲೆ ನಿಂತಿದ್ದವು. ಖಾಸಗಿ ಕಂಪನಿ ಬಂದು ಲ್ಯಾಬ್ ಕಟ್ಟುತ್ತದೆ, ಯಂತ್ರ ಇಡುತ್ತದೆ, ತನ್ನದೇ ಸಂಬಳದ ಬೋಧಕನನ್ನು ಕಳಿಸುತ್ತದೆ. ಅವಧಿ ಮುಗಿದ ಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅವಧಿ ಮುಗಿದ ದಿನ ಬೋಧಕ ಹೊರಟುಹೋದ. ಉಳಿದದ್ದು ವಯಸ್ಸಾದ ಯಂತ್ರ, ಸತ್ತ ಬ್ಯಾಟರಿ ಮತ್ತು ಒಂದು ಬೀಗ. ಶಾಲೆಯ ಖಾಯಂ ಮೇಷ್ಟ್ರಿಗೆ ಆ ಕೋಣೆ ತನ್ನದು ಎನ್ನಿಸಲೇ ಇಲ್ಲ. ಪರೀಕ್ಷೆಯಲ್ಲಿ ಕೇಳದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಪೀರಿಯಡ್ ಎಲ್ಲಿ ಸಿಗುತ್ತದೆ? ಯಂತ್ರ ಬಂತು, ಪುಸ್ತಕ ಬರಲಿಲ್ಲ. ಪೆಟ್ಟಿಗೆ ಬಂತು, ಪಾಠ ಬರಲಿಲ್ಲ. ಇಷ್ಟೇ ಕತೆ.

ಕಾಸರಗೋಡಿನ ಮಗುವಿಗೆ ಸಿಕ್ಕಿದ್ದು

ಈಗ ಒಂದು ಕಹಿ ಸತ್ಯ ಹೇಳುತ್ತೇನೆ. ಕಾಸರಗೋಡು ನಮ್ಮದು ಎಂದು ನಾವು ಕೂಗುತ್ತೇವೆ. 1956ರಲ್ಲಿ ಅದು ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ ವರದಿ ಹೇಳಿದರೂ ಸೇರಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿಡೀ ಆ ನೋವನ್ನು ಹೇಳಿಕೊಂಡೇ ಹೋದರು. ಅಲ್ಲಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಮೇಷ್ಟ್ರನ್ನು ನೇಮಿಸಿದ್ದಕ್ಕೆ ಮಕ್ಕಳೂ ಪೋಷಕರೂ ಬೀದಿಗಿಳಿದದ್ದನ್ನು ನಾವು ನೋಡಿದ್ದೇವೆ. ಆ ಅನ್ಯಾಯ ಅನ್ಯಾಯವೇ. ಅದರ ವಿರುದ್ಧದ ಕೂಗು ನಿಲ್ಲಬಾರದು.

ಆದರೆ ಅದೇ ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋಗಿ ಮಗುವಿನ ಚೀಲ ತೆಗೆದು ನೋಡಿ. ಅದರಲ್ಲಿ ಕಂಪ್ಯೂಟರ್ ಪಠ್ಯಪುಸ್ತಕ ಇದೆ. ಅದು ಕನ್ನಡದಲ್ಲಿದೆ! ಅಚ್ಚು ಹಾಕಿಸಿದ್ದು ಯಾರು? ಕೇರಳ ಸರ್ಕಾರ.

ಕೇರಳದವರು 2001ರ ಹೊತ್ತಿಗೆ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಶುರುಮಾಡಿದರು. ನಾವು ಮಾಹಿತಿ ಸಿಂಧು ತಂದದ್ದೂ ಅದೇ ಕಾಲದಲ್ಲಿ. ಅವರು ಕಂಪನಿಯ ಬೋಧಕರನ್ನು ನೆಚ್ಚಿಕೊಳ್ಳಲಿಲ್ಲ. ಶಾಲೆಯಲ್ಲೇ ಇದ್ದ ಗಣಿತ, ವಿಜ್ಞಾನ, ಭಾಷೆಯ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು. ಶಾಲೆಗೊಬ್ಬ ಐಟಿ ಸಂಯೋಜಕನನ್ನು ಆ ಮೇಷ್ಟ್ರುಗಳಲ್ಲೇ ಆರಿಸಿದರು. ಐಟಿಯನ್ನು ವಿಷಯ ಮಾಡಿದರು, ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷೆ ಇಟ್ಟರು. ಮಗು ಕಂಪ್ಯೂಟರಿನ ಮುಂದೆ ಕೂತು ಮಾಡಿ ತೋರಿಸಬೇಕಾದ ಪರೀಕ್ಷೆ ಅದು. ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಬಿಟ್ಟು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಿಡಿದರು. ಅದಕ್ಕೆ ಲೈಸೆನ್ಸ್ ಹಣವಿಲ್ಲ, ಪ್ರತಿ ಮಾಡಿ ಮನೆಗೂ ಒಯ್ಯಬಹುದು. 2017ರಲ್ಲಿ ಇದಕ್ಕೆಂದೇ ಕೈಟ್ ಎಂಬ ಸರ್ಕಾರಿ ಸಂಸ್ಥೆ ಮಾಡಿದರು. 2018ರಲ್ಲಿ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕೂಟ ಕಟ್ಟಿದರು. 2024ರ ಜೂನಿನಲ್ಲಿ ಏಳನೇ ತರಗತಿಯ ಐಸಿಟಿ ಪುಸ್ತಕಕ್ಕೆ ಕೃತಕ ಬುದ್ಧಿಮತ್ತೆಯ ಪಾಠ ಸೇರಿಸಿದರು. ಆ ಪುಸ್ತಕ ನಾಲ್ಕು ಭಾಷೆಗಳಲ್ಲಿ ಬಂತು: ಮಲಯಾಳಂ, ಇಂಗ್ಲಿಷ್, ತಮಿಳು ಮತ್ತು ಕನ್ನಡ.

ಗೆಳೆಯರೇ, ಇದನ್ನು ಕೇಳಿ ನಗಬೇಕೋ ಅಳಬೇಕೋ? ಮಂಜೇಶ್ವರದ ಕನ್ನಡದ ಮಗು ಕನ್ನಡದಲ್ಲಿ ಕಂಪ್ಯೂಟರ್ ಓದುತ್ತದೆ. ಮಂಡ್ಯದ ಕನ್ನಡದ ಮಗುವಿಗೆ ಆ ಪುಸ್ತಕ ಇಲ್ಲ! ಇನ್ನೊಂದು ಪಕ್ಕದ ತಮಿಳುನಾಡನ್ನು ನೋಡಿ. ಅಲ್ಲಿ ಹನ್ನೊಂದು, ಹನ್ನೆರಡನೇ ತರಗತಿಯ ಕಂಪ್ಯೂಟರ್ ವಿಜ್ಞಾನದ ಪುಸ್ತಕವನ್ನು ಸರ್ಕಾರವೇ ತಮಿಳಿನಲ್ಲಿ ಅಚ್ಚು ಹಾಕಿಸುತ್ತದೆ. ಪೈಥಾನ್ ಪಾಠವನ್ನೂ ತಮಿಳಿನಲ್ಲೇ ಓದುತ್ತಾರೆ. ಐಟಿ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವವರು ನಾವು. 1976ರಲ್ಲಿ ಕಿಯೋನಿಕ್ಸ್ ಹುಟ್ಟಿದ್ದು ಇಲ್ಲಿ. ಆರ್.ಕೆ. ಬಾಳಿಗರು ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡದ್ದು ಇಲ್ಲಿ. 1997ರಲ್ಲೇ ಮಾಹಿತಿ ತಂತ್ರಜ್ಞಾನ ನೀತಿ ತಂದದ್ದು ಇಲ್ಲಿ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ.

ಕಂಪ್ಯೂಟರಿನ ಭಾಷೆ ಇಂಗ್ಲಿಷೇ?

ಇಷ್ಟು ಹೇಳಿದ ಕೂಡಲೇ ಒಂದು ಮಾತು ಬರುತ್ತದೆ. "ಸ್ವಾಮಿ, ಕಂಪ್ಯೂಟರಿನ ಭಾಷೆಯೇ ಇಂಗ್ಲಿಷು. ಕನ್ನಡದಲ್ಲಿ ಹೇಗೆ ಕಲಿಸುತ್ತೀರಿ?" ನಮ್ಮವರೇ ಕೇಳುತ್ತಾರೆ, ಓದಿದವರೇ ಕೇಳುತ್ತಾರೆ. ಈ ಹುಸಿ ನಂಬಿಕೆಯನ್ನು ಬುಡಸಮೇತ ಕೀಳಬೇಕಾಗಿದೆ.

ಕಂಪ್ಯೂಟರಿಗೆ ಇಂಗ್ಲಿಷೂ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು. ಪ್ರತಿ ಅಕ್ಷರವೂ ಅದಕ್ಕೆ ಒಂದು ಸಂಖ್ಯೆ. ಇಂಗ್ಲಿಷಿನ ದೊಡ್ಡ ಎ ಅಕ್ಷರದ ಸಂಖ್ಯೆ 65. ನಮ್ಮ 'ಅ' ಅಕ್ಷರದ್ದು 3205, 'ಕ' ಅಕ್ಷರದ್ದು 3221. ಇದು ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿರುವ ಲೆಕ್ಕ. 1991ರಲ್ಲಿ ಆ ಪಟ್ಟಿಯ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ 128 ಮನೆಗಳ ಒಂದು ಬೀದಿಯನ್ನು ಬಿಟ್ಟುಕೊಟ್ಟಿದ್ದಾರೆ. ಯಂತ್ರದ ಕಣ್ಣಿಗೆ 65 ಮೇಲೂ ಅಲ್ಲ, 3221 ಕೀಳೂ ಅಲ್ಲ. ಮೇಲು ಕೀಳು ನಮ್ಮ ತಲೆಯಲ್ಲಿದೆ.

ಇನ್ನು ಪ್ರೋಗ್ರಾಂ ಬರೆಯುವ ಭಾಷೆ. ಈಗ ಪಿಯುಸಿಯಲ್ಲೂ ಬಂದಿರುವ ಪೈಥಾನನ್ನೇ ತೆಗೆದುಕೊಳ್ಳಿ. ಅದರಲ್ಲಿ ಇಫ್, ಎಲ್ಸ್, ಫಾರ್, ವೈಲ್, ಅಂಡ್, ಆರ್, ನಾಟ್ ಎಂಬಂಥ ಕಾಯ್ದಿಟ್ಟ ಪದಗಳು 35. ಪ್ರಿಂಟ್, ಇನ್‌ಪುಟ್ ಎಂಬಂಥ ಸಿದ್ಧ ಆಜ್ಞೆಗಳು ಇನ್ನೊಂದಿಷ್ಟು. ಹೈಸ್ಕೂಲಿನ ಮಟ್ಟಕ್ಕೆ ಎಲ್ಲ ಸೇರಿಸಿದರೂ ನೂರು ಪದ ಆಗುವುದಿಲ್ಲ. ಕ್ರಿಕೆಟ್ ನೋಡುವ ನಮ್ಮ ಹಳ್ಳಿಯ ಹುಡುಗನಿಗೆ ಅದಕ್ಕಿಂತ ಹೆಚ್ಚು ಇಂಗ್ಲಿಷ್ ಪದ ಗೊತ್ತು! ಸಂಗೀತ ಕಲಿಯುವವರು ಸರಿಗಮ ಕಲಿತ ಹಾಗೆ ಇವನ್ನು ಕಲಿತರಾಯಿತು. ಕಷ್ಟವಿರುವುದು ಈ ಪದಗಳಲ್ಲಿ ಅಲ್ಲ, ಯೋಚನೆಯಲ್ಲಿ. ಒಂದು ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದು, ಯಾವ ಹೆಜ್ಜೆ ಮೊದಲು ಯಾವುದು ಆಮೇಲೆ ಎಂದು ಗೊತ್ತುಮಾಡುವುದು, ತಪ್ಪೆಲ್ಲಿದೆ ಎಂದು ಹುಡುಕುವುದು. ಈ ಯೋಚನೆ ಮಗುವಿಗೆ ಯಾವ ಭಾಷೆಯಲ್ಲಿ ಸಲೀಸಾಗಿ ಬರುತ್ತದೆ? ತಾನು ಕನಸು ಕಾಣುವ ಭಾಷೆಯಲ್ಲಿ.

ನನ್ನ ಕಸುಬಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಹದಿನಾರು ಪುಟದ ಪುಸ್ತಿಕೆಯೊಂದನ್ನು ನಡುವೆ ಪಿನ್ ಹೊಡೆದು ಮಾಡಬೇಕು. ಹಾಳೆಯ ಮೇಲೆ ಪುಟಗಳನ್ನು ಒಂದರ ನಂತರ ಒಂದರಂತೆ ಕೂರಿಸಿದರೆ ಮಡಿಚಿದಾಗ ಅಡ್ಡಾದಿಡ್ಡಿ ಆಗುತ್ತದೆ. ಒಂದನೇ ಪುಟದ ಪಕ್ಕ ಹದಿನಾರು ಕೂರಬೇಕು, ಎರಡರ ಪಕ್ಕ ಹದಿನೈದು, ಎಂಟರ ಪಕ್ಕ ಒಂಬತ್ತು. ಯಾವ ಜೋಡಿ ತೆಗೆದುಕೊಂಡರೂ ಕೂಡಿದರೆ ಹದಿನೇಳು. ಇದನ್ನು ಪ್ರೋಗ್ರಾಂ ಆಗಿ ಬರೆಯಬೇಕೆಂದರೆ ಒಂದು ಸಾಲು ಸಾಕು:

ಜೋಡಿ = 17 - ಪುಟ

ಇದು ನಾನು ಕನ್ನಡಕ್ಕೆ ತಿರುಗಿಸಿದ್ದಲ್ಲ. 2008ರಲ್ಲಿ ಬಂದ ಮೂರನೇ ಆವೃತ್ತಿಯಿಂದ ಪೈಥಾನ್ ಈ ಸಾಲನ್ನು ಹೀಗೆಯೇ, ಕನ್ನಡ ಅಕ್ಷರದಲ್ಲೇ ಒಪ್ಪಿಕೊಳ್ಳುತ್ತದೆ. ಹೆಸರುಗಳನ್ನು ಕನ್ನಡದಲ್ಲಿ ಇಡಬಹುದು. ಇದನ್ನು ಒಂಬತ್ತನೇ ತರಗತಿಯ ಹುಡುಗಿಗೆ ತೋರಿಸಿ, ಹದಿನಾರರ ಬದಲು ಮೂವತ್ತೆರಡು ಪುಟವಾದರೆ ಏನು ಬದಲಾಯಿಸುತ್ತೀಯಮ್ಮಾ ಎಂದು ಕೇಳಿ. ತಾನೇ ಹದಿನೇಳನ್ನು ಮೂವತ್ತಮೂರು ಮಾಡುತ್ತಾಳೆ. ಆ ಕ್ಷಣಕ್ಕೆ ಅವಳು ಪ್ರೋಗ್ರಾಮರ್ ಆದಳು. ಇದಕ್ಕೆ ಯಾವ ಇಂಗ್ಲಿಷ್ ಬೇಕಿತ್ತು?

ಜಪಾನಿನವರು 2020ರಿಂದ ಪ್ರಾಥಮಿಕ ಶಾಲೆಯಲ್ಲೇ ಪ್ರೋಗ್ರಾಮಿಂಗ್ ತಂದರು. 2022ರಿಂದ ಅಲ್ಲಿನ ಹೈಸ್ಕೂಲಿನಲ್ಲಿ ಅದು ಎಲ್ಲರಿಗೂ ಕಡ್ಡಾಯ. 2025ರ ಜನವರಿಯಿಂದ ವಿಶ್ವವಿದ್ಯಾಲಯ ಪ್ರವೇಶದ ಸಾಮಾನ್ಯ ಪರೀಕ್ಷೆಯಲ್ಲೂ ಆ ವಿಷಯ ಬಂದಿದೆ. ಪಾಠವೂ ಪರೀಕ್ಷೆಯೂ ಜಪಾನೀ ಭಾಷೆಯಲ್ಲಿ. ಅವರಿಗಿಲ್ಲದ ಇಂಗ್ಲಿಷ್ ಭೂತ ನಮಗೇಕೆ ಮೆಟ್ಟಿಕೊಂಡಿದೆ? ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಭಾಷೆಯಾಗಿ ಚೆನ್ನಾಗಿ ಕಲಿಯಿರಿ, ಬೇಕು. ಆದರೆ ಇಂಗ್ಲಿಷ್ ಬರುವತನಕ ಕಂಪ್ಯೂಟರ್ ವಿದ್ಯೆ ಕೊಡುವುದಿಲ್ಲ ಎಂದು ಬಾಗಿಲಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ಪ್ರೆಸ್ಸಿನಲ್ಲಿ ಕಂಡ ಸತ್ಯ

ನಾನು ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದದ್ದು 1998ರಲ್ಲಿ. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂದ ವರ್ಷ. ಆಗಿನ್ನೂ ಒಂದು ಮೂಲೆಯಲ್ಲಿ ಅಚ್ಚುಮೊಳೆಗಳ ಕೇಸುಗಳಿದ್ದವು, ಟ್ರೆಡಲ್ ಓಡುತ್ತಿತ್ತು. ಇನ್ನೊಂದು ಮೂಲೆಗೆ ಕಂಪ್ಯೂಟರ್ ಬಂದು ಕೂತಿತ್ತು. ಅಂದಿನಿಂದ ಇಂದಿನವರೆಗೆ ನಮ್ಮಲ್ಲಿ ಡಿಟಿಪಿ ಕೆಲಸ ಕಲಿತವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು, ಕೆಲವರು ಫೇಲಾದವರು. ಮೂರು ತಿಂಗಳಿಗೆ ಪೇಜ್‌ಮೇಕರ್ ಕಲಿಯುತ್ತಿದ್ದರು, ಆರು ತಿಂಗಳಿಗೆ ಕೋರೆಲ್‌ಡ್ರಾ, ಫೋಟೋಶಾಪ್. ಯಾಕೆಂದರೆ ಕೈಕೆಳಗೆ ಕನ್ನಡದ ಕೀಲಿಮಣೆ ಇತ್ತು, ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು, ಕಲಿಸುವವನು ಕನ್ನಡದಲ್ಲಿ ಹೇಳಿಕೊಡುತ್ತಿದ್ದ. ಕೆ.ಪಿ. ರಾವ್ ಅವರು ರೂಪಿಸಿದ ಆ ಕೀಲಿಮಣೆಯ ವಿನ್ಯಾಸ, ಮುಂದೆ ನುಡಿ ತಂತ್ರಾಂಶದಲ್ಲೂ ಬಂದದ್ದು, ಸಾವಿರಾರು ಕನ್ನಡದ ಹುಡುಗ ಹುಡುಗಿಯರಿಗೆ ಅನ್ನ ಕೊಟ್ಟಿದೆ. ಕನ್ನಡ ಅನ್ನದ ಭಾಷೆಯಾಗಬೇಕು ಎಂದು ನಾವು ಘೋಷಣೆ ಕೂಗುತ್ತೇವಲ್ಲ, ಕಂಪ್ಯೂಟರಿನ ಲೋಕದಲ್ಲಿ ಅದು ನಿಜವಾಗಿ ಆದದ್ದು ಡಿಟಿಪಿ ಮೇಜಿನ ಮೇಲೆ.

ಆದರೆ ಅದಕ್ಕೊಂದು ಮಿತಿ ಇತ್ತು. ಇಪ್ಪತ್ತು ವರ್ಷ ಕೂತರೂ ಅವರು ಆಪರೇಟರ್ ಆಗಿಯೇ ಉಳಿದರು. ಇನ್ನೊಬ್ಬರು ಮಾಡಿಟ್ಟದ್ದನ್ನು ಚಲಾಯಿಸುವವರು, ತಾವೇ ಮಾಡುವವರಲ್ಲ. ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕಡತ ಬೇರೆ ಕಂಪ್ಯೂಟರಿಗೆ ಹೋದರೆ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಯಾಕೆ ಹೀಗೆ ಎಂದು ಅವರಿಗೆ ಗೊತ್ತಿರಲಿಲ್ಲ. ಆ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಖ್ಯೆಗೆ ಕನ್ನಡದ ವೇಷ ಹಾಕಿದ್ದವು. ವೇಷ ಕಳಚಿದರೆ ಒಳಗಿನದು ಕಾಣುತ್ತದೆ, ಅಷ್ಟೇ. ಇದು ಹೈಸ್ಕೂಲಿನ ಒಂದು ಪೀರಿಯಡ್‌ನಲ್ಲಿ ಹೇಳಿಕೊಡಬಹುದಾದ ಪಾಠ. ಆ ಒಂದು ಪೀರಿಯಡ್ ಸಿಗದ ಕಾರಣ ಎಷ್ಟೋ ರಾತ್ರಿ ಕೂತು ಇಡೀ ಪುಸ್ತಕವನ್ನು ಮತ್ತೆ ಟೈಪು ಮಾಡಿದ್ದಾರೆ. ನಮ್ಮ ಕನ್ನಡ ಅಕ್ಷರವನ್ನು ನಾವೇ ಬಳಸಲು ಹೊರರಾಜ್ಯದ ಕಂಪನಿಗೆ ಹಣ ಕಟ್ಟಿ, ಅದು ಕೊಟ್ಟ ಡಾಂಗಲ್ ಕೆಟ್ಟಾಗ ಕೆಲಸ ನಿಲ್ಲಿಸಿ ಕೂತದ್ದೂ ಉಂಟು.

ಚಲಾಯಿಸುವವನಿಗೂ ಮಾಡುವವನಿಗೂ ಇರುವ ವ್ಯತ್ಯಾಸ ಸಂಬಳದ್ದು ಮಾತ್ರವಲ್ಲ, ಸ್ವಾಭಿಮಾನದ್ದು. ಕನ್ನಡ ತಂತ್ರಾಂಶ ಬೇಕೆಂದು ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಅಷ್ಟು ದನಿಯೆತ್ತಿದ್ದು ಇದಕ್ಕೇ. ಡಾ. ಯು.ಬಿ. ಪವನಜ ಅವರು ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕನ್ನಡದಲ್ಲೇ ಮಾಡಿ ತೋರಿಸಿದರು. ದಾರಿ ಇಲ್ಲವೆಂದಲ್ಲ. ದಾರಿಯನ್ನು ಶಾಲೆಯ ಬಾಗಿಲಿಗೆ ತಂದು ಮುಟ್ಟಿಸುವವರಿಲ್ಲ.

ಕನ್ನಡ ಶಾಲೆ ಉಳಿಯಬೇಕಾದರೆ

ಇದು ಉದ್ಯೋಗದ ಪ್ರಶ್ನೆ ಮಾತ್ರವಲ್ಲ, ಕನ್ನಡ ಶಾಲೆಗಳ ಅಳಿವು ಉಳಿವಿನ ಪ್ರಶ್ನೆಯೂ ಹೌದು. ಕಲಿಕೆಯ ಮಾಧ್ಯಮಕ್ಕಾಗಿ ನಾವು ದಶಕಗಟ್ಟಲೆ ಹೋರಾಡಿದೆವು. 1982ರ ಗೋಕಾಕ್ ಚಳವಳಿ ನಾಡನ್ನೇ ಎಬ್ಬಿಸಿತು. 1994ರ ಮಾಧ್ಯಮ ನೀತಿ ನ್ಯಾಯಾಲಯಕ್ಕೆ ಹೋಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟು, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದುಬಿಟ್ಟಿತು. 2019ರಲ್ಲಿ ಸರ್ಕಾರವೇ ತನ್ನ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು.

ತಂದೆ ತಾಯಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವಾಗ ಅವರ ಕಣ್ಣ ಮುಂದೆ ಷೇಕ್ಸ್‌ಪಿಯರ್ ಇರುವುದಿಲ್ಲ, ಕಂಪ್ಯೂಟರ್ ಇರುತ್ತದೆ. "ಅಲ್ಲಿ ಕಂಪ್ಯೂಟರ್ ಹೇಳಿಕೊಡ್ತಾರೆ" ಎಂಬ ಒಂದು ಮಾತು ನಮ್ಮ ನೂರು ಭಾಷಣಗಳನ್ನು ಹೊಡೆದುಹಾಕುತ್ತದೆ. ಕನ್ನಡ ಶಾಲೆಯಲ್ಲೂ ಅದನ್ನೇ, ಇನ್ನೂ ಚೆನ್ನಾಗಿ, ಅರ್ಥವಾಗುವ ಹಾಗೆ ಹೇಳಿಕೊಟ್ಟರೆ? ಕನ್ನಡದಲ್ಲಿ ಒಳ್ಳೆಯ ಪುಸ್ತಕ ಮಾಡಬೇಡಿ ಎಂದು ಯಾರೂ ಕೋರ್ಟಿಗೆ ಹೋಗಲಾರರು. ಈ ದಾರಿಗೆ ಯಾರ ತಡೆಯಾಜ್ಞೆಯೂ ಇಲ್ಲ.

2021ರಲ್ಲಿ ಎಐಸಿಟಿಇಯವರು ಇಂಜಿನಿಯರಿಂಗನ್ನು ಕನ್ನಡವೂ ಸೇರಿದಂತೆ ಭಾರತದ ಭಾಷೆಗಳಲ್ಲಿ ಕಲಿಸಬಹುದು ಎಂದರು. ಸಂತೋಷ. ಆದರೆ ಹೈಸ್ಕೂಲಿನಲ್ಲಿ ಇಲ್ಲದ್ದು, ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಇರುವುದು, ಇಂಜಿನಿಯರಿಂಗಿನಲ್ಲಿ ಇದ್ದಕ್ಕಿದ್ದಂತೆ ಕನ್ನಡದಲ್ಲಿ ಬಂದರೆ ಯಾರು ಸೇರುತ್ತಾರೆ? ಅಡಿಪಾಯವಿಲ್ಲ, ಗೋಡೆಯಿಲ್ಲ, ಸೂರು ಮಾತ್ರ ಎತ್ತಿ ಹಿಡಿಯಿರಿ ಎಂದ ಹಾಗಾಯಿತು.

ಮತ್ತೊಂದು ತಕರಾರು ಪಾರಿಭಾಷಿಕ ಪದಗಳದ್ದು. ಪದ ಎಲ್ಲಿದೆ ಎನ್ನುತ್ತಾರೆ. ಮೌಸಿಗೆ ಮೂಷಿಕ ಎನ್ನಬೇಕಾಗಿಲ್ಲ. ಬಸ್ಸು, ರೈಲು, ಕಾಫಿ, ಕೋರ್ಟು ಕನ್ನಡವೇ ಆಗಿಹೋಗಿರುವಂತೆ ಬೈಟು, ಫೈಲು, ಮೌಸು ಕನ್ನಡವಾಗಲಿ. ತಂತ್ರಾಂಶ, ಕೀಲಿಮಣೆ, ಅಂತರ್ಜಾಲ ಜನ ಒಪ್ಪಿದ ಪದಗಳು, ಅವೂ ಇರಲಿ. ಹೆಸರು ಎಲ್ಲಿಂದಾದರೂ ಬರಲಿ, ವಾಕ್ಯ ಕನ್ನಡದ್ದಾಗಲಿ, ಅರ್ಥ ಕನ್ನಡದಲ್ಲಿ ಹುಟ್ಟಲಿ. ಪದಕೋಶ ಮುಗಿಯುವತನಕ ಪಾಠ ಬೇಡ ಎಂದರೆ ಪಾಠ ಎಂದೂ ಶುರುವಾಗುವುದಿಲ್ಲ.

ಕಾಲ ನಮಗಾಗಿ ಕಾಯುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ಕೋಡಿಂಗ್ ಎಂದಿತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೇ ಪ್ರೋಗ್ರಾಂ ಬರೆಯತೊಡಗಿದೆ. "ಇನ್ನು ಕಲಿಯುವುದೇಕೆ?" ಎನ್ನುವವರಿದ್ದಾರೆ. ಕ್ಯಾಲ್ಕುಲೇಟರ್ ಬಂದ ಮೇಲೆ ಮಗ್ಗಿ ಗೊತ್ತಿಲ್ಲದವನು ಅಂಗಡಿಯಲ್ಲಿ ಮೋಸಹೋದ ಹಾಗೆ, ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ತೂಗಲು ಬಾರದವನು ನಾಳೆ ಮೋಸಹೋಗುತ್ತಾನೆ. ಆ ಮೋಸಹೋಗುವ ಸರದಿ ಮತ್ತೆ ಕನ್ನಡದ ಮಗುವಿನದೇ ಆಗಬಾರದು.

ಬೇಡಿಕೆ ಮತ್ತು ಕೆಲಸ

ಸರ್ಕಾರದ ಮುಂದೆ ನಾವಿಡಬೇಕಾದ ಬೇಡಿಕೆ ನಾಲ್ಕೇ ನಾಲ್ಕು.

ಒಂದು: ಎಂಟರಿಂದ ಹತ್ತನೇ ತರಗತಿಯವರೆಗೆ ರಾಜ್ಯ ಪಠ್ಯಕ್ರಮದ ಎಲ್ಲ ಶಾಲೆಗಳಲ್ಲಿ ಕಂಪ್ಯೂಟರ್ ವಿಜ್ಞಾನ ಒಂದು ವಿಷಯವಾಗಲಿ, ಅದಕ್ಕೆ ಕನ್ನಡದ ಪಠ್ಯಪುಸ್ತಕ, ವಾರಕ್ಕಿಷ್ಟು ಪೀರಿಯಡ್, ಕೈಯಾರೆ ಮಾಡಿ ತೋರಿಸುವ ಪರೀಕ್ಷೆ ಇರಲಿ.

ಎರಡು: ಗುತ್ತಿಗೆಯ ಬೋಧಕರನ್ನು ನೆಚ್ಚದೆ ಶಾಲೆಯ ಖಾಯಂ ಮೇಷ್ಟ್ರುಗಳಿಗೆ ತರಬೇತಿ ಕೊಡಲಿ, ಶಾಲೆಗೊಬ್ಬರನ್ನು ಹೊಣೆಗಾರರನ್ನಾಗಿ ಮಾಡಲಿ.

ಮೂರು: ಶಾಲೆಗಳಲ್ಲಿ ಮುಕ್ತ ತಂತ್ರಾಂಶ ಬಳಸಲಿ, ಅದರ ಪರದೆ ಕನ್ನಡದಲ್ಲಿರಲಿ.

ನಾಲ್ಕು: ಪಿಯುಸಿಯ ಕಂಪ್ಯೂಟರ್ ಸೈನ್ಸ್ ಪುಸ್ತಕ ಕನ್ನಡದಲ್ಲೂ ಬರಲಿ.

ಇವು ಸರ್ಕಾರ ಮಾಡಬೇಕಾದವು. ಇನ್ನು ನೀವು ಮಾಡಬೇಕಾದದ್ದು. ಇಲ್ಲಿರುವ ನಿಮ್ಮಲ್ಲಿ ಎಷ್ಟೋ ಜನ ಸರ್ಕಾರಿ ಹೈಸ್ಕೂಲಿನಲ್ಲಿ ಓದಿದವರು. ಮುಂದಿನ ಶನಿವಾರ ನೀವು ಓದಿದ ಶಾಲೆಗೆ ಹೋಗಿ. ಬಾವುಟ ಹಿಡಿದು ಘೋಷಣೆ ಕೂಗುತ್ತಾ ಅಲ್ಲ. ಹಳೆಯ ವಿದ್ಯಾರ್ಥಿಯಾಗಿ, ಹೆಡ್‌ಮೇಷ್ಟ್ರಿಗೆ ನಮಸ್ಕಾರ ಹೇಳಿ ಒಳಗೆ ಹೋಗಿ. ಎಷ್ಟು ಕಂಪ್ಯೂಟರ್ ಇವೆ, ಎಷ್ಟು ನಡೆಯುತ್ತಿವೆ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ ಬರೆದುಕೊಳ್ಳಿ. ಮೇಷ್ಟ್ರುಗಳ ಮೇಲೆ ರೇಗಬೇಡಿ; ಜನಗಣತಿ, ಚುನಾವಣೆ, ಬಿಸಿಯೂಟ ಎಲ್ಲ ಹೊರೆಯೂ ಅವರ ಹೆಗಲ ಮೇಲಿದೆ. ಕೆಟ್ಟ ಯಂತ್ರ ರಿಪೇರಿ ಮಾಡಬಲ್ಲವರು ನಿಮ್ಮಲ್ಲೇ ಇದ್ದೀರಿ. ಶಾಲೆಯವರು ಒಪ್ಪಿದರೆ ಶನಿವಾರ ಒಂದು ಗಂಟೆ ಕೂತು ಹತ್ತು ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಡಿ. ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯ ಎತ್ತಲು ನಿಮ್ಮ ಬೀದಿಯ ಪೋಷಕರಿಗೆ ಹೇಳಿ.

ಉತ್ತರ ಸಿಗದ ಕಡೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಕನ್ನಡದಲ್ಲೇ ಬರೆಯಿರಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಿಮ್ಮ ತಾಲ್ಲೂಕಿನ ಬಿಇಒ ಕಚೇರಿಗೆ ಹಾಕಿ: ಯಾವ ಶಾಲೆಗೆ ಯಾವ ವರ್ಷ ಎಷ್ಟು ಕಂಪ್ಯೂಟರ್ ಬಂತು, ಈಗ ಎಷ್ಟು ನಡೆಯುತ್ತಿವೆ? ಪ್ರತಿ ತಾಲ್ಲೂಕಿನ ಉತ್ತರ ಈ ಪತ್ರಿಕೆಗೆ ಬರಲಿ. ಊರಿನ ಹೆಸರು ಸಮೇತ ಅಚ್ಚಾಗಲಿ. ವಿಧಾನಸಭೆಯಲ್ಲಿ ಮಂತ್ರಿಗಳ ಮೇಜಿನ ಮೇಲೆ ಆ ಕಟ್ಟು ಬೀಳಲಿ. ಆಗ "ನಮ್ಮಲ್ಲಿ ಎಲ್ಲ ಇದೆ" ಎಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ನಾಮಫಲಕ ಕನ್ನಡದಲ್ಲಿರಲಿ ಎಂದು ಕೇಳಿದೆವು, ಇನ್ನೂ ಕೇಳುತ್ತೇವೆ. ಆದರೆ ಆ ಫಲಕದ ಹಿಂದಿನ ಕಟ್ಟಡದಲ್ಲಿ, ಯಂತ್ರದ ಮುಂದೆ ಕೂತು ಹೊಸದನ್ನು ಮಾಡುವವರೂ ಕನ್ನಡದವರಾಗಬೇಕು. ಅದಕ್ಕೆ ಬೇಕಾದ ಮೊದಲ ಸಾಮಾನು ಕಲ್ಲೂ ಅಲ್ಲ, ಕೋಲೂ ಅಲ್ಲ. ಎಂಟನೇ ತರಗತಿಯ ಮಗುವಿನ ಚೀಲದಲ್ಲಿರುವ ಒಂದು ಕನ್ನಡ ಪುಸ್ತಕ. ಆ ಪುಸ್ತಕ ಬರುವವರೆಗೆ ನಾವು ಸುಮ್ಮನೆ ಕೂರುವವರಲ್ಲ ಎಂದು ಇಲ್ಲಿಂದ ಹೊರಡುವ ಮುನ್ನ ತೀರ್ಮಾನ ಮಾಡೋಣ.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!